ಹೊಲ ಕುಡಿಯುವ ನೀರಿಗೆ ಲೆಕ್ಕವಿಲ್ಲ

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಲ್ಲಿ ಬೆಳಿಗ್ಗೆ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುವವರೇ ಕರೆಂಟು ಬಂದೊಡನೆ ತೋಟಕ್ಕೆ ಹೋಗಿ ಬೋರಿನ ಸ್ಟಾರ್ಟರ್ ಒತ್ತುತ್ತಾರೆ. ಎರಡೂ ಒಂದೇ ನೆಲದಡಿಯ ನೀರು. ಕುಡಿಯುವುದನ್ನು ಐದು ರೂಪಾಯಿ ಕಾಯಿನ್ ಹಾಕಿ ಸೋಸಿ ತರುತ್ತೇವೆ. ಮಿಕ್ಕಿದ್ದನ್ನು ಹಾಗೆ ಹಾಗೇ ಅಡಿಕೆಗೆ, ಕಡಲೆಕಾಯಿಗೆ, ಟೊಮೆಟೊಗೆ, ಸೀಮೆಹುಲ್ಲಿಗೆ ಬಿಡುತ್ತೇವೆ. ‘ಈ ನೀರು ಕುಡಿಯೋಕೆ ಆಗಲ್ಲ, ಹೊಲಕ್ಕೆ ಆಗುತ್ತೆ’ ಎಂಬ ಮಾತು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಎಷ್ಟು ಸಲೀಸಾಗಿದೆ ಎಂದರೆ, ಅದು ನಿಜವೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಕಾಲ ಬಂದಿದೆ.

ಈ ನೆಲದ ಕಲ್ಲಿನಿಂದ ಶುರು ಮಾಡೋಣ. ರಾಮನಗರದ ಬೆಟ್ಟಗಳಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೂ ಚಾಚಿಕೊಂಡಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಈ ಸೀಮೆಯನ್ನು ಸೀಳಿಕೊಂಡು ಹೋಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಲು ಬರುವವರು ಅದರ ಎತ್ತರ ನೋಡಿ ಬೆರಗಾಗುತ್ತಾರೆ, ಅದರ ಒಳಗಿರುವ ಖನಿಜಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್ ಈ ಜಾತಿಯ ಕಲ್ಲಿನಲ್ಲಿ ಸಾಮಾನ್ಯ. ಮೂರರಲ್ಲೂ ಫ್ಲೋರೈಡ್ ಇದೆ. ಜೊತೆಗೆ ಗ್ರಾನೈಟಿನಲ್ಲಿ ಯುರೇನಿಯಂ ಅಂಶವೂ ಬೇರೆ ಕಲ್ಲುಗಳಿಗಿಂತ ಜಾಸ್ತಿ. ಕಲ್ಲಿನ ಬಿರುಕಿನಲ್ಲಿ ನೀರು ಎಷ್ಟು ಕಾಲ ನಿಲ್ಲುತ್ತದೋ ಅಷ್ಟೂ ಇವು ನೀರಿಗಿಳಿಯುತ್ತವೆ.

ಹಿಂದೆ ಈ ನೀರನ್ನು ನಾವು ಮುಟ್ಟಿರಲಿಲ್ಲ. ಕೆರೆಯಂಗಳ, ಹೊಳೆಯ ಮರಳಲ್ಲಿ ಕೈಯಳತೆಯಲ್ಲೇ ಉಕ್ಕುತ್ತಿದ್ದ ತಲಪರಿಗೆಗಳು ಈ ನಾಲ್ಕು ತಾಲ್ಲೂಕುಗಳ ಹೆಗ್ಗುರುತಾಗಿದ್ದವು. ತಲಪರಿಗೆಯ ಕಾಲುವೆ ತೆಗೆಯಲು ಊರಿನವರೆಲ್ಲ ಸೇರುತ್ತಿದ್ದರು, ಅದರ ನೀರಲ್ಲೇ ಗದ್ದೆ ಬೆಳೆಯುತ್ತಿದ್ದರು. ಅದು ನಿನ್ನೆ ಮೊನ್ನೆಯ ಮಳೆಯ ನೀರು, ಕಲ್ಲಿನ ಒಡನಾಟ ಕಡಿಮೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯ ಮರಳು ಲಾರಿ ಹತ್ತಿದ ಮೇಲೆ, ಬೋರು ಆಳಕ್ಕೆ, ಇನ್ನೂ ಆಳಕ್ಕೆ ಇಳಿದ ಮೇಲೆ, ಮರಳಿನ ನೀರಿನ ಜಾಗಕ್ಕೆ ಕಲ್ಲಿನ ನೀರು ಬಂತು. ಮಧುಗಿರಿ, ಕೊರಟಗೆರೆ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ‘ಅತಿ ಬಳಕೆ’ ಪಟ್ಟಿಗೆ ಸೇರಿದ್ದು ಹೀಗೆ. ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ನಾವು ಎತ್ತುತ್ತಿದ್ದೇವೆ ಎಂಬುದು ಅದರ ಅರ್ಥ. ಆಳದ ನೀರು ಹಳೆಯದು, ಹಳೆಯ ನೀರು ಕಲ್ಲನ್ನು ಹೆಚ್ಚು ಕರಗಿಸಿಕೊಂಡಿರುತ್ತದೆ.

ಪಾವಗಡದ ಫ್ಲೋರೈಡ್ ಹೊಸ ಸುದ್ದಿಯಲ್ಲ. ಭಾರತದಲ್ಲಿ ಫ್ಲೋರೋಸಿಸ್ ಮೊದಲು ದಾಖಲಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ನಡುವಯಸ್ಸಿಗೇ ಬಗ್ಗದ ಬೆನ್ನು, ಮಡಚಲಾಗದ ಮಂಡಿ. ಮೂಳೆಗೆ ಹತ್ತಿದ ಮೇಲೆ ಅದಕ್ಕೆ ಮದ್ದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಇದಕ್ಕಾಗಿಯೇ ಊರೂರಿಗೆ ಆರ್‌ಒ ಘಟಕ ಬಂತು, ಪಾವಗಡಕ್ಕೆ ತುಂಗಭದ್ರಾ ಹಿನ್ನೀರು ತರುವ ಯೋಜನೆ ಬಂತು. ಒಳ್ಳೆಯದೇ ಆಯಿತು. ಆದರೆ ಇಷ್ಟೆಲ್ಲ ಆದಮೇಲೆ ಫ್ಲೋರೈಡ್ ಎಂದರೆ ಕುಡಿಯುವ ನೀರಿನ ವಿಷಯ, ಅದು ಮುಗಿಯಿತು ಎಂಬ ನೆಮ್ಮದಿಯೂ ಬಂದುಬಿಟ್ಟಿತು.

ಯುರೇನಿಯಂ ಸುದ್ದಿ ಬಂದದ್ದು ಆಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ವಿಜ್ಞಾನಿಗಳು ರಾಜ್ಯದ ಪೂರ್ವ ಭಾಗದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. 57 ಹಳ್ಳಿಗಳು ಅದನ್ನು ದಾಟಿದ್ದವು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಸಡಿಲ ಮಿತಿಯಾದ 60ನ್ನೂ 48 ಹಳ್ಳಿಗಳು ದಾಟಿದ್ದವು. ಕೋಲಾರ, ಚಿಕ್ಕಬಳ್ಳಾಪುರದ ಹಲವು ಹಳ್ಳಿಗಳ ಜೊತೆ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ತಲಾ ಒಂದು ಹಳ್ಳಿಯಲ್ಲಿ ಅಂಕಿ ಸಾವಿರ ಮೈಕ್ರೋಗ್ರಾಂ ಮೀರಿತ್ತು. ಯುರೇನಿಯಂ ಎಂದೊಡನೆ ವಿಕಿರಣದ ಭಯ ಬರುತ್ತದೆ. ನೀರಿನಲ್ಲಿ ಬಂದಾಗ ಅದರ ಮುಖ್ಯ ಕೇಡು ಅದಲ್ಲ, ಮೂತ್ರಪಿಂಡಕ್ಕೆ ತಗಲುವ ರಾಸಾಯನಿಕ ಪೆಟ್ಟು.

ಇನ್ನು ಆರ್ಸೆನಿಕ್. ಪುರವರದ ಗ್ರಾನೈಟಿನಲ್ಲಿ ಅದು ಮೊದಲ ಸಾಲಿನ ಶತ್ರುವಲ್ಲ, ಸುಮ್ಮನೆ ಹೆದರಿಸುವುದು ಬೇಡ. ಆದರೆ ಶಿರಾ ತಾಲ್ಲೂಕಿನಲ್ಲೇ ನೆಲದ ಜಾತಿ ಬದಲಾಗುತ್ತದೆ. ಪಶ್ಚಿಮಕ್ಕೆ ಹೋದಂತೆ ಚಿತ್ರದುರ್ಗದ ಶಿಲಾಪಟ್ಟಿ ಸಿಗುತ್ತದೆ; ಹಟ್ಟಿ ಚಿನ್ನದ ಗಣಿ ಕಂಪನಿ ಹಿಂದೆ ಅದಿರು ತೆಗೆದ ಅಜ್ಜನಹಳ್ಳಿ ಇರುವುದು ಅಲ್ಲೇ. ಅಲ್ಲಿನ ಚಿನ್ನದ ಕಲ್ಲಿನಲ್ಲಿ ಆರ್ಸೆನೋಪೈರೈಟ್ ಇರುವುದನ್ನು ಭೂವಿಜ್ಞಾನಿಗಳು ಬರೆದಿದ್ದಾರೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಖನಿಜ ಅದು. ಚಿನ್ನ ಇದ್ದಲ್ಲಿ ಇದು ಇರುವುದು ಜಗತ್ತಿನ ಹಲವು ಕಡೆ ಕಂಡದ್ದೇ.

ಆ ನಂಟು ಕರ್ನಾಟಕದಲ್ಲಿ ಏನು ಮಾಡಿದೆ ಎಂಬುದಕ್ಕೆ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಸಾಕ್ಷಿ. ಸುರಪುರ ಕಡೆಯ ಮಂಗಳೂರು ಶಿಲಾಪಟ್ಟಿಯ ಹಳೆಯ ಚಿನ್ನದ ಗಣಿಯ ಪಕ್ಕದ ಊರು. ಬಂಗಾಳದ ಕೊಳವೆಬಾವಿಗಳನ್ನು ದಶಕಗಳ ಕಾಲ ಅಳೆದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿಗಳ ಪೈಕಿ ಶೇ. 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಗಿಂತ ಮೇಲಿತ್ತು, ಒಂದರಲ್ಲಿ 303. ಪರೀಕ್ಷಿಸಿದ 181 ಜನರಲ್ಲಿ ಶೇ. 58.6 ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತುಗಳಿದ್ದವು. ನನ್ನ ಗಮನ ಹೋಗುವುದು ಇನ್ನೊಂದು ಅಂಕಿಯ ಕಡೆಗೆ: ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋ ಮಣ್ಣಿಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಸಾಮಾನ್ಯ ಮಣ್ಣಿನಲ್ಲಿ ಇರುವುದು ಐದಾರು ಮಿಲಿಗ್ರಾಂ. ಗಣಿಯಿಂದ ಬಂದ ಪುಡಿಮಣ್ಣು ಅದಕ್ಕೆ ಕಾರಣವಿರಬಹುದು ಎಂದು ಅವರು ಬರೆದರು. ನೀರನ್ನು ಹುಡುಕಿ ಹೋದವರಿಗೆ ಮಣ್ಣೂ ಸಿಕ್ಕಿತು. ಮಣ್ಣನ್ನು ಹುಡುಕದಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ಹೊಲದ ಲೆಕ್ಕವನ್ನು ಯಾರು ಬೇಕಾದರೂ ಕೂತು ಹಾಕಬಹುದು. ಒಂಬತ್ತು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಗಿಡ. ಗಿಡಕ್ಕೆ ದಿನಕ್ಕೆ 18 ಲೀಟರ್, ಮಳೆ ಕಳೆದು ವರ್ಷಕ್ಕೆ 200 ದಿನ ಡ್ರಿಪ್ ಬಿಟ್ಟರೂ ಹೆಚ್ಚುಕಡಿಮೆ 20 ಲಕ್ಷ ಲೀಟರ್ ಆಯಿತು. ಮನುಷ್ಯ ದಿನಕ್ಕೆ ಮೂರು ಲೀಟರ್ ಕುಡಿದರೆ ಇದು 1800 ವರ್ಷದ ನೀರು. ಬೋರಿನಲ್ಲಿ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಆ ಎಕರೆಗೆ ವರ್ಷಕ್ಕೆ 4 ಕಿಲೋ ಫ್ಲೋರೈಡ್ ಹಾಕಿದಂತೆ. ಯುರೇನಿಯಂ 100 ಮೈಕ್ರೋಗ್ರಾಂ ಇದ್ದರೆ ವರ್ಷಕ್ಕೆ 200 ಗ್ರಾಂ. ಒಂದು ಎಕರೆಯ ಅರ್ಧ ಅಡಿ ಮೇಲ್ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ; ಸಾಮಾನ್ಯ ಮಣ್ಣಿನಲ್ಲಿ ಯುರೇನಿಯಂ ಕಿಲೋಗೆ 2-3 ಮಿಲಿಗ್ರಾಂ, ಎಂದರೆ ಎಕರೆಗೆ ಎರಡು ಎರಡೂವರೆ ಕಿಲೋ. ಬಂದದ್ದೆಲ್ಲ ಮೇಲ್ಮಣ್ಣಿನಲ್ಲೇ ನಿಂತರೆ, ಹತ್ತು ಹನ್ನೆರಡು ವರ್ಷದಲ್ಲಿ ಪ್ರಕೃತಿ ಇಟ್ಟಷ್ಟನ್ನೇ ನಾವೂ ಸೇರಿಸಿರುತ್ತೇವೆ. ಅಡಿಕೆ ಗಿಡ ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ.

‘ನಿಂತರೆ’ ಎಂಬ ಷರತ್ತೇ ಇಲ್ಲಿ ಮುಖ್ಯ. ಅದನ್ನು ಅರಿಯಲು ಬಂಗಾಳಕ್ಕೆ ಹೋಗಬೇಕು.

1983ರಲ್ಲಿ ಕೋಲ್ಕತ್ತದ ಉಷ್ಣವಲಯ ವೈದ್ಯ ಸಂಸ್ಥೆಯ ಚರ್ಮವೈದ್ಯ ಕೆ.ಸಿ. ಸಾಹಾ ಅವರ ಬಳಿಗೆ ಹಳ್ಳಿಯ ರೋಗಿಗಳು ಬಂದರು. ಅಂಗೈ, ಅಂಗಾಲು ಗಂಟುಗಂಟಾಗಿ ದಪ್ಪಗಟ್ಟಿತ್ತು, ಎದೆಯ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಚುಕ್ಕೆಗಳಿದ್ದವು. ಕೊಳವೆಬಾವಿಯ ನೀರಿನಲ್ಲಿದ್ದ ಆರ್ಸೆನಿಕ್ ಕಾರಣ ಎಂದು ತಿಳಿಯಿತು. ಕೆರೆ ನೀರಿನ ಕಾಲರಾದಿಂದ ಪಾರಾಗಲು ಸರ್ಕಾರಗಳೂ ವಿದೇಶಿ ಸಂಸ್ಥೆಗಳೂ ಕೊರೆಸಿಕೊಟ್ಟ ಬಾವಿಗಳವು. ಬಾಂಗ್ಲಾದೇಶದಲ್ಲಿ ಅಂಥ ಬಾವಿಗಳು ಲಕ್ಷಗಟ್ಟಲೆ. 1992ರಲ್ಲಿ ಬ್ರಿಟಿಷ್ ಭೂಸರ್ವೇಕ್ಷಣಾ ಸಂಸ್ಥೆ ಅಲ್ಲಿನ ಅಂತರ್ಜಲವನ್ನು ಹಲವು ಧಾತುಗಳಿಗಾಗಿ ಪರೀಕ್ಷಿಸಿತು, ಆರ್ಸೆನಿಕ್‌ಗಾಗಿ ಪರೀಕ್ಷಿಸಲಿಲ್ಲ. ವಿಷವುಂಡ ಹಳ್ಳಿಗನೊಬ್ಬ ಲಂಡನ್ನಿನ ಕೋರ್ಟಿಗೆ ಹೋದ. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ದಾವೆಯನ್ನು ತಳ್ಳಿಹಾಕಿತು; ಸಂಸ್ಥೆಗೆ ಅವನ ಬಗ್ಗೆ ಕಾನೂನಿನ ಹೊಣೆ ಇರಲಿಲ್ಲವೆಂದು. ಕಾನೂನು ಏನೇ ಹೇಳಲಿ, ಅಳೆಯುವ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದದ್ದಕ್ಕೆ ಆ ದೇಶ ತೆತ್ತ ಬೆಲೆ ದೊಡ್ಡದು.

ಕುಡಿಯುವ ನೀರಿನ ಗಲಾಟೆ ನಡೆಯುತ್ತಿದ್ದಾಗ ಅದೇ ನೀರು ಬೇಸಿಗೆಯ ಬೋರೋ ಭತ್ತದ ಗದ್ದೆಗಳಿಗೆ ಹರಿಯುತ್ತಲೇ ಇತ್ತು. ಭತ್ತದ ಗದ್ದೆಯಲ್ಲಿ ನೀರು ನಿಂತು ಗಾಳಿಯಾಡದೆ ಹೋದಾಗ ಮಣ್ಣಿನ ಕಬ್ಬಿಣದ ಹಿಡಿತ ಸಡಿಲುತ್ತದೆ, ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಭತ್ತದ ಬೇರು ಅದನ್ನು ಸಿಲಿಕಾ ಎಂದೇ ಭಾವಿಸಿ ಅದೇ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಕೊನೆಗೆ 2014ರಲ್ಲಿ ಕೋಡೆಕ್ಸ್ ಆಹಾರ ಮಾನದಂಡ ಆಯೋಗ ಪಾಲಿಷ್ ಅಕ್ಕಿಗೆ ಕಿಲೋಗೆ 0.2 ಮಿಲಿಗ್ರಾಂ ಎಂಬ ಮಿತಿಯನ್ನೇ ಹಾಕಬೇಕಾಯಿತು. ಬಾವಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನದ ತಟ್ಟೆಗೆ ವಿಷ ಹೋದ ದಾರಿ ಇದು.

ಅಲ್ಲಿನ ಗದ್ದೆಗಳನ್ನು ಅಳೆದ ಸ್ವಿಟ್ಜರ್ಲೆಂಡ್ ಮತ್ತು ಬಾಂಗ್ಲಾದೇಶದ ತಂಡವೊಂದು 2010ರಲ್ಲಿ ಇನ್ನೊಂದು ಸಂಗತಿ ಹೇಳಿತು. ಬೇಸಿಗೆಯಲ್ಲಿ ಬೋರಿನ ನೀರು ತಂದು ಹಾಕಿದ ಆರ್ಸೆನಿಕ್‌ನಲ್ಲಿ ಶೇ. 13ರಿಂದ 46ರಷ್ಟನ್ನು ಮಳೆಗಾಲದ ಪ್ರವಾಹ ವಾಪಸ್ ತೊಳೆದುಕೊಂಡು ಹೋಗುತ್ತದೆ. ತಿಂಗಳುಗಟ್ಟಲೆ ಮುಳುಗುವ ಆ ದೇಶಕ್ಕೆ ಪ್ರವಾಹವೇ ಒಂದಿಷ್ಟು ಕಾವಲು.

ಪುರವರಕ್ಕೆ ಆ ಕಾವಲಿಲ್ಲ. ಪಾವಗಡದಲ್ಲಿ ವರ್ಷಕ್ಕೆ ಬೀಳುವುದು 500-600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಿಟ್ಟುಬಿಟ್ಟು. ಬಿಸಿಲು ಹೀರುವುದು ಅದರ ಹಲವು ಪಟ್ಟು. ಡ್ರಿಪ್ಪಿನಲ್ಲಿ ನೀರು ಗಿಡದ ಬುಡ ಬಿಟ್ಟು ಕೆಳಗೆ ಇಳಿಯುವುದೇ ಇಲ್ಲ, ಇಳಿಯಬಾರದು ಎಂಬುದೇ ಡ್ರಿಪ್ಪಿನ ಹೆಗ್ಗಳಿಕೆ. ನೀರು ಆವಿಯಾಗುತ್ತದೆ, ನೀರಿನಲ್ಲಿದ್ದದ್ದು ಆಗುವುದಿಲ್ಲ. ನಿತ್ಯ ಬೋರಿನ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಹಾಗೆ ಹೊಲದಲ್ಲೂ ಕಟ್ಟುತ್ತಿದೆ.

ಡ್ರಿಪ್ ಪೈಪನ್ನು ಹತ್ತಿರದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಎರಡು ಬೇಸಿಗೆ ಕಂಡ ಪೈಪಿನ ಹನಿಕಿಂಡಿಯ ಸುತ್ತ ಸುಣ್ಣದಂಥ ಬಿಳಿ ಚಕ್ಕೆ ಹತ್ತಿರುತ್ತದೆ. ಉಗುರಿನಲ್ಲಿ ಕೆರೆದರೆ ಪುಡಿಪುಡಿ ಉದುರುತ್ತದೆ. ಕಿಂಡಿ ಕಟ್ಟಿಕೊಂಡಿತು ಎಂದು ರೈತರು ಆಸಿಡ್ ಬಿಟ್ಟು ತೊಳೆಯುತ್ತಾರೆ. ಆ ಚಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್. ಫ್ಲೋರೈಡನ್ನು ಹಿಡಿದು ಗಟ್ಟಿ ಮಾಡಿ ಕೂರಿಸುವ ಶಕ್ತಿ ಇರುವುದೂ ಕ್ಯಾಲ್ಸಿಯಂಗೇ. ಕ್ಯಾಲ್ಸಿಯಂ ಹೀಗೆ ಸುಣ್ಣವಾಗಿ ಉದುರಿಹೋದರೆ ನೀರಿನಲ್ಲಿ ಉಳಿಯುವುದು ಸೋಡಿಯಂ, ಬೈಕಾರ್ಬೊನೇಟ್ ಮತ್ತು ಹಿಡಿಯುವವರಿಲ್ಲದ ಫ್ಲೋರೈಡ್. ಆಳದ ಕಲ್ಲಿನ ಬಿರುಕಿನಲ್ಲಿ ನಡೆಯುವುದೂ ಇದೇ, ಹೊಲದ ಮೇಲೆ ನಡೆಯುವುದೂ ಇದೇ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1985ರ ತನ್ನ ನೀರಾವರಿ ಕೈಪಿಡಿಯಲ್ಲಿ ಹೊಲದ ನೀರಿಗೂ ಮಿತಿ ಹೇಳಿದೆ: ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಆರ್ಸೆನಿಕ್ 0.1 ಮಿಲಿಗ್ರಾಂ. ಹೊಲಕ್ಕೆ ಏನು ಬೇಕಾದರೂ ಆಗುತ್ತದೆ ಎಂಬ ಮಾತಿಗೆ ಅಲ್ಲೇ ಉತ್ತರವಿದೆ. ತಟಸ್ಥ ಮತ್ತು ಕ್ಷಾರ ಮಣ್ಣಿನಲ್ಲಿ ಫ್ಲೋರೈಡ್ ನಿಷ್ಕ್ರಿಯವಾಗುತ್ತದೆ ಎಂಬ ಸಮಾಧಾನದ ಮಾತನ್ನೂ ಅದೇ ಕೈಪಿಡಿ ಸೇರಿಸಿದೆ. ಸುಣ್ಣದ ಅಂಶವಿರುವ ಮಣ್ಣಿಗೆ ಅದು ಸರಿ. ಆದರೆ ಸೋಡಿಯಂ ಹೆಚ್ಚಿದ ಕರಲು ಮಣ್ಣಿನಲ್ಲಿ ಫ್ಲೋರೈಡ್ ನೀರಿನಲ್ಲಿ ಕರಗಿದ ಸ್ಥಿತಿಯಲ್ಲೇ ಹೆಚ್ಚು ಉಳಿಯುತ್ತದೆ, ಜಿಪ್ಸಂ ಹಾಕಿದರೆ ಇಳಿಯುತ್ತದೆ ಎಂದು ಕರ್ನಾಲಿನ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರಷ್ಟು ಹಿಂದೆಯೇ ಬರೆದಿದ್ದರು. ನಮ್ಮ ಬೋರಿನ ನೀರು ಕೆಂಪು ಮಣ್ಣನ್ನು ವರ್ಷದಿಂದ ವರ್ಷಕ್ಕೆ ಯಾವ ಕಡೆಗೆ ತಳ್ಳುತ್ತಿದೆ ಎಂಬುದನ್ನು ಬಿಳಿ ಚಕ್ಕೆಯೇ ಹೇಳುತ್ತಿದೆ.

ಗೊಬ್ಬರದ ಪಾತ್ರ ಇಲ್ಲಿ ಸಣ್ಣದಲ್ಲ. ರಂಜಕದ ಗೊಬ್ಬರ ತಯಾರಾಗುವ ಶಿಲಾರಂಜಕದಲ್ಲಿ ಶೇ. 3-4ರಷ್ಟು ಫ್ಲೋರೈಡ್ ಇರುತ್ತದೆ, ಯುರೇನಿಯಂ ಅಂಶವೂ ಇರುತ್ತದೆ. ಒಂದು ಭಾಗ ಚೀಲದೊಳಕ್ಕೂ ಬರುತ್ತದೆ. ಯೂರಿಯಾದಿಂದ, ತಿಪ್ಪೆಯಿಂದ ನೆಲಕ್ಕಿಳಿಯುವ ನೈಟ್ರೇಟ್ ಇನ್ನೊಂದು ಕೆಲಸ ಮಾಡುತ್ತದೆ. ಕಲ್ಲಿನಲ್ಲಿ ಕರಗದೆ ಕೂತ ಯುರೇನಿಯಂ ಅನ್ನು ಅದು ಕರಗುವ ರೂಪಕ್ಕೆ ತಿರುಗಿಸಬಲ್ಲದು ಎಂದು 2015ರಲ್ಲಿ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಅಲ್ಲಿನ ದೊಡ್ಡ ಕೃಷಿ ಪ್ರದೇಶಗಳ ನೀರನ್ನಿಟ್ಟುಕೊಂಡು ತೋರಿಸಿದರು. ಹೊಲಕ್ಕೆ ಸುರಿದ ಯೂರಿಯಾ ಬೋರಿನ ಯುರೇನಿಯಂ ಹೆಚ್ಚಿಸಿ, ಆ ಬೋರು ಮತ್ತೆ ಹೊಲಕ್ಕೇ ಬರುವ ಸುತ್ತು ಇದು.

ಹಾಗಾದರೆ ಮಧುಗಿರಿ ರಾಗಿ ತಿನ್ನಬಾರದೇ? ಹಾಗಲ್ಲ. ಫ್ಲೋರೈಡ್ ಬಹುಪಾಲು ಬೇರಲ್ಲೇ ನಿಲ್ಲುತ್ತದೆ, ಎಲೆಗೆ ಸ್ವಲ್ಪ ಏರುತ್ತದೆ, ಕಾಳಿಗೆ ಹೋಗುವುದು ಇನ್ನೂ ಕಡಿಮೆ. ಒಣಮಣ್ಣಿನಲ್ಲಿ ಬೆಳೆಯುವ ರಾಗಿ, ಕಡಲೆಕಾಯಿಗೆ ಆರ್ಸೆನಿಕ್ ಕೂಡ ಭತ್ತಕ್ಕೆ ಸಿಗುವಷ್ಟು ಸಿಗದು. ಕಬ್ಬಿಣ ತುಂಬಿದ ನಮ್ಮ ಕೆಂಪು ಮಣ್ಣು ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅಂಜಬೇಕಾದದ್ದು ಸೊಪ್ಪು, ಮೇವು, ಬೋರಿನ ನೀರಲ್ಲಿ ಬೆಳೆವ ಭತ್ತ ಮತ್ತು ಮಣ್ಣಿನ ಸಮೇತ ಹುಲ್ಲು ಕಿತ್ತು ತಿನ್ನುವ ಕುರಿ. ಶಿರಾ, ಪಾವಗಡದ ಕುರಿ ಹಟ್ಟಿಗಳಿಗೆ ಯಾವ ಆರ್‌ಒ ಘಟಕವೂ ಇಲ್ಲ. ಫ್ಲೋರೋಸಿಸ್ ದನಕುರಿಯ ಹಲ್ಲು, ಮೂಳೆಗಳಿಗೂ ಹತ್ತುವ ರೋಗ. ಮನುಷ್ಯರ ವಿಷಯದಲ್ಲೂ ದೇಹ ಲೆಕ್ಕ ಇಡುವುದು ಒಟ್ಟು ಮೊತ್ತಕ್ಕೆ. ಕುಡಿಯಲು ಫಿಲ್ಟರ್ ನೀರು ತಂದು, ಮುದ್ದೆಯ ಎಸರಿಗೂ ಸಾರಿಗೂ ನಲ್ಲಿ ನೀರು ಸುರಿಯುವ ಮನೆಗಳೇ ಹೆಚ್ಚು. ಅದರ ಮೇಲೆ ಸೊಪ್ಪಿನಲ್ಲಿ ಬಂದದ್ದೂ ಸೇರಿಕೊಳ್ಳುತ್ತದೆ.

ಆರ್‌ಒ ಘಟಕದ ಹಿಂಬದಿಗೂ ಒಮ್ಮೆ ಹೋಗಿ ಬರಬೇಕು. ಸಾವಿರ ಲೀಟರ್ ಒಳಗೆ ಹೋದರೆ ಅರ್ಧದಷ್ಟು ವೇಸ್ಟ್ ನೀರಾಗಿ ಹೊರಬೀಳುತ್ತದೆ. ಫ್ಲೋರೈಡ್ ಎಲ್ಲಿಗೂ ಮಾಯವಾಗಿರುವುದಿಲ್ಲ. 2 ಮಿಲಿಗ್ರಾಂ ಇದ್ದದ್ದು ಆ ಪೈಪಿನಲ್ಲಿ 4ರ ಹತ್ತಿರ ಬಂದಿರುತ್ತದೆ. ಅದು ಚರಂಡಿಗೋ, ಪಕ್ಕದ ತೆಂಗಿನ ಬುಡಕ್ಕೋ, ದನ ಕುಡಿಯುವ ಗುಂಡಿಗೋ ಹರಿಯುತ್ತದೆ.

ಇಷ್ಟಾದರೂ ಹೊಲದ ಪರೀಕ್ಷೆಯಲ್ಲಿ ಇದ್ಯಾವುದಕ್ಕೂ ಜಾಗವಿಲ್ಲ. 2015ರ ಫೆಬ್ರುವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಕಲಂಗಳಿವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಬೆಳೆಗೆ ಏನು ಕಮ್ಮಿ ಎಂದು ಕೇಳುವ ಚೀಟಿ ಇದು. ಮಣ್ಣಿಗೆ ಏನು ಹೆಚ್ಚಾಯಿತು ಎಂದು ಕೇಳುವುದಿಲ್ಲ. ಜಲಜೀವನ್ ಮಿಷನ್ನಿನ ಪರೀಕ್ಷೆಯೂ ಕುಡಿಯುವ ನೀರಿನ ಮೂಲಕ್ಕೆ ಮಾತ್ರ. ರೈತನ ಬೋರು ಇಬ್ಬರ ಲೆಕ್ಕಕ್ಕೂ ಸೇರದು. ಬಾಂಗ್ಲಾದೇಶದಲ್ಲಿ ಆದದ್ದೂ ಇದೇ ಬಗೆಯ ಬಿಟ್ಟುಹೋಗುವಿಕೆ. ಅಲ್ಲಿ ಆರ್ಸೆನಿಕ್ ಇದೆಯೆಂದು ಆಗ ಯಾರೂ ಎಣಿಸಿರಲಿಲ್ಲ ಎಂಬ ನೆಪವಿತ್ತು. ನಮಗೆ ಆ ನೆಪವೂ ಇಲ್ಲ, ಫ್ಲೋರೈಡ್ ಇದೆಯೆಂದು ಗೊತ್ತಿದ್ದೇ ಘಟಕ ಕಟ್ಟಿಸಿದ್ದೇವೆ.

ಎತ್ತಿನಹೊಳೆ ನೀರು ಕೊರಟಗೆರೆ, ಮಧುಗಿರಿಯ ಕೆರೆಗಳಿಗೆ, ಭದ್ರಾ ಮೇಲ್ದಂಡೆಯದು ಶಿರಾಕ್ಕೆ ಬರುತ್ತದೆ ಎಂದು ಕಾದಿರುವವರು ಬಹಳ. ಬಂದರೆ ಒಳ್ಳೆಯದು, ಕೆರೆಯ ನೀರು ಬೋರಿನ ನೀರಿನ ಜೊತೆ ಬೆರೆತರೆ ಸಾಂದ್ರತೆ ಇಳಿಯುತ್ತದೆ, ಮೇಲ್ಪದರದ ಬಾವಿಗಳಿಗೆ ಜೀವ ಬರುತ್ತದೆ. ಆದರೆ ಮಣ್ಣಿಗೆ ಸೇರಿಹೋದದ್ದನ್ನು ಅದು ತೆಗೆಯುವುದಿಲ್ಲ. ಆದ್ದರಿಂದ ಕಾಯುವ ಕಾಲದಲ್ಲೇ ಅಳೆಯಬೇಕು. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ, ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲೂ ಕೊನೇಹಳ್ಳಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಣ್ಣು ಆರೋಗ್ಯ ಚೀಟಿಗೆ ಮೂರು ಕಲಂ ಸೇರಿಸಲು, ಬೋರಿನ ನೀರಾವರಿ ಇರುವ ಹೊಲಗಳಿಗೆ ಮಾತ್ರವಾದರೂ ಫ್ಲೋರೈಡ್, ಯುರೇನಿಯಂ, ಶಿಲಾಪಟ್ಟಿಯ ಕಡೆ ಆರ್ಸೆನಿಕ್ ನೋಡಲು, ಹೊಸ ಇಲಾಖೆ ಕಟ್ಟಬೇಕಿಲ್ಲ. ಗ್ರಾಮಸಭೆಯಲ್ಲಿ ಬೀದಿದೀಪದ ಬೇಡಿಕೆಯ ಜೊತೆ ಇದನ್ನೂ ಬರೆಸಬಹುದು. ಅಲ್ಲಿಯವರೆಗೆ, ಹೊಸದಾಗಿ ಅಡಿಕೆ ಇಡುವವರು, ಲಕ್ಷಗಟ್ಟಲೆ ಸುರಿದು ಬೋರು ಕೊರೆಸುವವರು ಒಂದು ಬಾಟಲಿ ನೀರಿನ ಖರ್ಚು ಉಳಿಸಬಾರದು. ಮೋಟರ್ ಹತ್ತು ಹದಿನೈದು ನಿಮಿಷ ಓಡಿದ ಮೇಲೆ, ಗಾಜಿನದಲ್ಲ, ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಹಿಡಿದು ಪ್ರಯೋಗಾಲಯಕ್ಕೆ ಕೊಡಬೇಕು. ಫ್ಲೋರೈಡ್ ಜೊತೆ ಸೋಡಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟನ್ನೂ ನೋಡಿ ಎಂದು ಹೇಳಬೇಕು. ಜಿಪ್ಸಂ ಬೇಕೇ ಎಂಬುದರ ಸುಳಿವು ಆ ಮೂರರಿಂದ ಸಿಗುತ್ತದೆ. ಬಾಟಲಿಯ ಮೇಲೆ ಸರ್ವೆ ನಂಬರು, ಬೋರಿನ ಆಳ, ತಾರೀಖು ಬರೆದಿರಬೇಕು. ಬೇಸಿಗೆಯ ಕೊನೆಗೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಇನ್ನೊಮ್ಮೆ.